ಒರಗುಕುರ್ಚಿಗೆ ಹಾಕಿದ ಹನ್ನೆರಡು ಬುಷ್

ನಾನು ಓದು ನಿಲ್ಲಿಸಿದ್ದು ತೊಂಬತ್ತೇಳರಲ್ಲಿ, ಎಂಟನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ. ಮುಗಿಯೋ ಮುಂಚೆ ಅಲ್ಲ, ಮುಗಿದ ಮೇಲೆ. ಹಿಡಿದ ಕೆಲಸವನ್ನು ನಡುವೆ ಬಿಡೋ ಅಭ್ಯಾಸ ನನಗೆ ಆಗಲೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ತಿಳಿದವನ ಥರ ಮಾತಾಡುತ್ತೇನೆ. ಇವನು ಎಷ್ಟು ಓದಿದಾನೆ ಅಂತ ನೀವು ನಡುವೆ ಯೋಚನೆ ಮಾಡುತ್ತಾ ಕೂರಬಾರದು.

ಇವತ್ತು ಬೆಳಿಗ್ಗೆ ಅಂಗಡಿಗೆ ಒಂದು ರಿಕ್ಲೈನರ್ ಬಂತು. ಗೊತ್ತಲ್ಲ, ಪಕ್ಕದ ಹಿಡಿ ಎಳೆದರೆ ಬೆನ್ನು ಹಿಂದಕ್ಕೆ ಹೋಗಿ ಕಾಲಿನ ಹಲಗೆ ಮೇಲಕ್ಕೆ ಬರುತ್ತದಲ್ಲ, ಆ ಕುರ್ಚಿ. ತಲೆ ಇಡುವ ಜಾಗದಲ್ಲಿ ಹರಳೆಣ್ಣೆ ಮತ್ತು ನೋವಿನ ಮುಲಾಮು ಸೇರಿದ ವಾಸನೆ. ಆಫೀಸಿಗೆ ಹೋಗುವವರ ಸೋಫಾದಲ್ಲಿ ಈ ವಾಸನೆ ಇರುವುದಿಲ್ಲ. ಅದರ ಸಂದಿಯಲ್ಲಿ ಚಿಪ್ಸಿನ ಪುಡಿ ಸಿಗುತ್ತದೆ, ಚಾರ್ಜರ್ ವೈರ್ ಸಿಗುತ್ತದೆ, ಒಂದು ಸಲ ಮದುವೆ ಉಂಗುರ ಸಿಕ್ಕಿತ್ತು. ವಾಪಸ್ ಕೊಟ್ಟೆ. ಆತನಿಗೆ ಸಂತೋಷ ಆದ ಹಾಗೆ ಕಾಣಲಿಲ್ಲ. ಇರಲಿ, ಆ ಎಣ್ಣೆ ವಾಸನೆ ಮೂಗಿಗೆ ಬಡಿದಿದ್ದೇ ಗೌರಮ್ಮನವರು ನೆನಪಾದರು.

ಅವರ ವಿಷಯಕ್ಕೆ ಬರುವ ಮುಂಚೆ ಪೀಣ್ಯದ ವಿಷಯ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ನಾನು ಮಾಡಿದ ತಪ್ಪು ನಿಮಗೆ ಅರ್ಥವಾಗುವುದಿಲ್ಲ. ಶಾಲೆ ಬಿಟ್ಟ ಮರುವಾರವೇ ನಾಗಸಂದ್ರದ ನಮ್ಮ ಮನೆಯಿಂದ ನಡೆದುಕೊಂಡು ಹೋಗಿ ಪೀಣ್ಯದಲ್ಲಿ ಕಬ್ಬಿಣ ಕಡೆಯುವ ಒಂದು ಲೇತ್ ಶೆಡ್ಡಿಗೆ ಸೇರಿಕೊಂಡೆ. ಹತ್ತೊಂಬತ್ತು ವರ್ಷ ಅಲ್ಲೇ ಇದ್ದೆ. ನನಗೆ ಕೆಲಸ ಕಲಿಸಿದ ಸೆಲ್ವರಾಜಣ್ಣನದು ಮಾತು ಕಡಿಮೆ. ನಾನು ಕಡೆದ ಪಿನ್ನನ್ನು ಅದರ ತೂತಿಗೆ ಹಾಕಿ, ಕಿವಿ ಹತ್ತಿರ ಹಿಡಿದು ಕುಲುಕೋರು. ಸಣ್ಣ ಸದ್ದು ಬಂದರೂ "ಲೂಸ್ ಮಗಾ" ಅಂತ ಸ್ಕ್ರ್ಯಾಪ್ ಡಬ್ಬಕ್ಕೆ ಹಾಕೋರು. ಬೈಗುಳವಿಲ್ಲ, ಬುದ್ಧಿವಾದವಿಲ್ಲ. ಶಾಲೆಯಲ್ಲಿ ನೂರಕ್ಕೆ ಮೂವತ್ತೈದು ಬಂದರೆ ಪಾಸು. ಅಲ್ಲಿ ತೊಂಬತ್ತೊಂಬತ್ತು ಬಂದರೂ ಸ್ಕ್ರ್ಯಾಪು. ಹಾಗಾಗಿ ಲೂಸ್ ಅನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಇಲ್ಲ ಅಂತ ನಂಬಿಕೊಂಡೇ ದೊಡ್ಡವನಾದೆ.

ಶೆಡ್ಡು ತುಮಕೂರು ಕಡೆ ಹೋದಾಗ ನಾನು ಜೊತೆಗೆ ಹೋಗಲಿಲ್ಲ. ಹಳೇ ಲೇತೊಂದನ್ನು ತೆಗೆದುಕೊಂಡು, ಹೆಂಡತಿ ಹುಟ್ಟಿದ ಸಿಂಗಸಂದ್ರಕ್ಕೆ ಬಂದು ಅಂಗಡಿ ಇಟ್ಟೆ. ಎಲೆಕ್ಟ್ರಾನಿಕ್ ಸಿಟಿ ಪಕ್ಕದಲ್ಲೇ ಇದೆಯಲ್ಲ, ಫ್ಯಾಕ್ಟರಿ ಕೆಲಸ ಬರುತ್ತದೆ ಅಂತ ಲೆಕ್ಕ. ಮೊದಲನೇ ದಿನ ಬಂದವರು ಎದುರಿನ ಅಪಾರ್ಟ್‌ಮೆಂಟಿನ ಮೇಡಂ ಒಬ್ಬರು. ಅವರ ಕೈಯಲ್ಲಿ ಸೋಫಾ ಕಮ್ ಬೆಡ್ಡಿನ ಮುರಿದ ಕೀಲು ಇತ್ತು. ಎರಡನೇ ದಿನ ತಾನಾಗಿಯೇ ಕೆಳಗಿಳಿಯುವ ಆಫೀಸ್ ಚೇರು. ಮೂರನೇ ದಿನ ಅಡುಗೆಮನೆ ಡ್ರಾಯರು. ನೀವೂ ನೋಡಿರುತ್ತೀರಿ, ಮರ ಗಟ್ಟಿಯಾಗೇ ಇರುತ್ತದೆ, ಬಟ್ಟೆ ಹೊಸದರ ಹಾಗಿರುತ್ತದೆ, ಒಳಗೆ ಹೆಬ್ಬೆಟ್ಟು ಗಾತ್ರದ ಒಂದು ಕೀಲು ಸವೆದು ಇಡೀ ಸಾಮಾನು ಫುಟ್‌ಪಾತಿಗೆ ಬಂದು ಕೂತಿರುತ್ತದೆ. ಫ್ಯಾಕ್ಟರಿ ಕೆಲಸ ಇನ್ನೂ ಬಂದಿಲ್ಲ. ಕಾಯೋದಕ್ಕೆ ನನಗೆ ಪುರುಸೊತ್ತೂ ಇಲ್ಲ.

ಗೌರಮ್ಮನವರು ಸಿಂಗಸಂದ್ರದ ಮೂಲದವರು. ಅವರು ರಾಗಿ ಕೊಯ್ದ ಹೊಲದ ಮೇಲೆ ಅವರದೇ ನಾಲ್ಕು ಮಹಡಿ ಎದ್ದಿತ್ತು. ಮೇಲೆಲ್ಲ ಪೀಜಿ ಹುಡುಗರು, ಮೊದಲನೇ ಮಹಡಿಯಲ್ಲಿ ಮಗ ಸೊಸೆ, ನೆಲಮಹಡಿಯಲ್ಲಿ ಇವರು. ಎಪ್ಪತ್ತೆಂಟು ವರ್ಷ ವಯಸ್ಸು, ಉಬ್ಬಸ. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಅವರ ನಿದ್ದೆಯೆಲ್ಲ ಒರಗುಕುರ್ಚಿಯಲ್ಲೇ. ಏಳಬೇಕಾದರೆ ಕಾಲಿನ ಹಲಗೆಯನ್ನು ಹಿಮ್ಮಡಿಯಿಂದ ಒತ್ತಿ ಮಡಿಸಬೇಕು. ಆ ಹಲಗೆ ಒಂದು ಕಡೆ ಜೋತುಬಿದ್ದು ನಡುವೆ ಸಿಕ್ಕಿಕೊಳ್ಳುತ್ತಿತ್ತು. ನನ್ನನ್ನು ಕರೆಸಿದ್ದು ಅದಕ್ಕೆ.

"ಇದೇ ಲಾಸ್ಟ್ ಅಣ್ಣ," ಅಂದರು ಸೊಸೆ ಸುಧಾ. "ಇವ್ರಿಗೆ ಒಬ್ರೇ ಏಳೋಕಾಗಲ್ಲ ಅಂದ್ರೆ ನಮ್ಮನೆಯವ್ರು ಆಸ್ಪತ್ರೆ ಮಂಚ ತರಿಸ್ತಾರಂತೆ. ಮೇಲೆ ನಮ್ಮ ಹಾಲ್‌ನಲ್ಲೇ ಹಾಕ್ಸಿ, ನೋಡ್ಕೊಳೋಕೆ ಒಬ್ರನ್ನ ಇಡ್ತೀವಿ."

ಕೆಟ್ಟ ಮಾತೇನಲ್ಲ, ಕಾಳಜಿಯಿಂದಲೇ ಹೇಳಿದ್ದು. ಆದರೆ ಗೌರಮ್ಮ ನನ್ನ ಕಡೆ ತಿರುಗಿ, "ಆ ಮಂಚಕ್ಕೆ ಎರಡೂ ಕಡೆ ಕಂಬಿ ಇರ್ತವೆ ಕಣಪ್ಪ. ನಾನೇನು ಕರುನಾ, ಕಂಬಿ ಆಕಿ ಕೂಡಾಕೋಕೆ?" ಅಂದರು.

"ಬಟನ್ ಒತ್ತಿದ್ರೆ ಏಳ್ಸೋ ಚೇರ್ ತರ್ತೀವಿ ಅಂದ್ರೆ ಅದೂ ಬೇಡ್ವಂತೆ," ಅಂದರು ಸುಧಾ.

"ಕರೆಂಟ್ ಇಲ್ದಾಗ ಏನ್ಮಾಡ್ಲಿ? ಅಂಗೇ ಬಿದ್ಕೊಂಡಿರ್ಲಾ?"

ಸೊಸೆ ತಲೆಯೆತ್ತಿ ಮೇಲೆ ನೋಡಿದರು. ಫ್ಯಾನು ಆಗಲೇ ನಿಂತಿತ್ತು.

ಕುರ್ಚಿ ಬೋರಲು ಹಾಕಿ ನೋಡಿದೆ. ಕತ್ತರಿಯ ಹಾಗೆ ಒಂದರ ಮೇಲೊಂದು ಮಡಚಿಕೊಳ್ಳುವ ಕಬ್ಬಿಣದ ಪಟ್ಟಿಗಳು, ಅವುಗಳ ತೂತೆಲ್ಲ ಸವೆದು ಮೊಟ್ಟೆಯಾಕಾರ. ಅಳತೆ ತೆಗೆದುಕೊಂಡು ಹೋಗಿ ಹನ್ನೆರಡು ಬುಷ್ ಕಡೆದೆ. ಬುಷ್ ಅಂದರೆ ತೂತಿನೊಳಗೆ ಕೂರುವ ಹಿತ್ತಾಳೆ ಬಳೆ. ಮಾರನೇ ದಿನ ಬಂದು ಅವನ್ನು ಕೂರಿಸಿ ಹೊಸ ಬೋಲ್ಟ್ ಹಾಕಿದೆ. ಸೋತುಹೋಗಿದ್ದ ಸ್ಪ್ರಿಂಗ್ ತೆಗೆದು ದಪ್ಪದ್ದು ಹಾಕಿದೆ. ಕೂತು, ಹಿಡಿ ಎಳೆದು, ಕಾಲಲ್ಲಿ ಒತ್ತಿದೆ. ಹಲಗೆ ಸದ್ದಿಲ್ಲದೆ ಮಡಚಿಕೊಂಡಿತು. ಹತ್ತು ಸಲ ಮಾಡಿದೆ. ಆ ಕುರ್ಚಿಯನ್ನು ಮಾಡಿದ ಫ್ಯಾಕ್ಟರಿಯವರೇ ಬಂದು ಕಲಿತುಕೊಂಡು ಹೋಗಬೇಕು, ಹಾಗಿತ್ತು.

ಗೌರಮ್ಮ ಎರಡೂ ದಿನ ತಾವೇ ಕಾಫಿ ಮಾಡಿಕೊಟ್ಟಿದ್ದರು. ಒಂದು ಸಲ ಕೂತು ನೋಡಿ ಅಂದೆ. "ನೀನು ನೋಡಿದ್ಮೇಲೆ ಮುಗೀತಪ್ಪ, ನಂದೇನು," ಅಂದರು. ಅದನ್ನು ಹೊಗಳಿಕೆ ಅಂದುಕೊಂಡು ಸ್ಕೂಟರ್ ಹತ್ತಿದೆ. ಆ ಖುಷಿಯಲ್ಲಿ ಅಳತೆ ತೆಗೆಯುವ ವರ್ನಿಯರನ್ನು ಅವರ ಕಿಟಕಿ ಮೇಲೇ ಮರೆತೆ.

ಮೂರು ದಿನ ಬಿಟ್ಟು ಅದನ್ನು ತರಲು ಹೋದಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ಬಾಗಿಲು ತೆಗೆದೇ ಇತ್ತು. ಗೌರಮ್ಮ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಒರಗಿದ್ದರು. "ಬಾಪ್ಪ, ಕೂತ್ಕೊ" ಅಂದರು. ಕೂತೆ. ಮಳೆ ಬಿಸಿಲು ಮಾತಾಡಿದ್ದಾಯಿತು. ಕಾಫಿ ಮಾತು ಬರಲಿಲ್ಲ. ನಿಜ ಹೇಳುತ್ತೇನೆ, ನನಗೆ ಬೇಜಾರಾಯಿತು. ಕೆಲಸ ಮುಗಿದ ಮೇಲೆ ಕಾಫಿಯೂ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವರ ಫೋನು ಹೊಡೆದುಕೊಂಡಿತು. ಕುರ್ಚಿಯಿಂದ ಮೂರು ಹೆಜ್ಜೆ ಇರಬಹುದು. ಅವರು ಅದನ್ನು ನೋಡುತ್ತಾ ಇದ್ದರು, ಏಳಲಿಲ್ಲ.

"ಅಮ್ಮ, ಎಷ್ಟೊತ್ತಿಂದ ಕೂತಿದೀರಾ?"

"ಬೆಳಿಗ್ಗೆ ಎಂಟು ಗಂಟೆಯಿಂದ."

"ಯಾರನ್ನಾದ್ರೂ ಕೂಗ್ಬಾರ್ದಾ?"

"ಕೂಗಿದ್ರೆ ಮಂಚ ಬರ್ತದೆ."

"ನಂಗಾದ್ರೂ ಫೋನ್ ಮಾಡ್ಬೇಕಿತ್ತಲ್ಲಮ್ಮ."

"ಫೋನು ಅಲ್ಲೈತೆ," ಅಂತ ಮೇಜು ತೋರಿಸಿದರು.

ಮೊದಲ ಎರಡು ದಿನ ಕುರ್ಚಿಯ ಕೈ ಮೇಲಿಂದ ಪಕ್ಕಕ್ಕೆ ಜಾರಿಕೊಂಡು ಇಳಿದರಂತೆ. ಮೊಣಕೈ ತರಚಿತ್ತು. ಇವತ್ತು ತೋಳಲ್ಲಿ ಶಕ್ತಿ ಸಾಲಲಿಲ್ಲವಂತೆ. "ನೀನು ಅಷ್ಟು ಚೆನ್ನಾಗಿ ಮಾಡಿದ್ದೆ. ನಿಂಗೆ ಎಂಗೆ ಯೋಳೋದು ಅಂತ ಸುಮ್ನಾದೆ," ಅಂದರು.

ನಾನು ಕೈಯಿಂದ ಹಲಗೆ ಒತ್ತಿ ನೋಡಿದೆ. ಬೆಣ್ಣೆಯ ಹಾಗೆ ಹೋಯಿತು. ಮತ್ತೆ ಮೇಲೆತ್ತಿ, ನೀವು ಒತ್ತಿ ಅಂದೆ. ಅವರ ಹಿಮ್ಮಡಿ ಹಲಗೆ ಮೇಲೆ ಗಡಗಡ ನಡುಗಿತು. ಹಲಗೆ ಕೂದಲೆಳೆಯಷ್ಟೂ ಕದಲಲಿಲ್ಲ. ನಾನು ಎಂಬತ್ತನಾಲ್ಕು ಕೆಜಿ. ಅವರು ಮೂವತ್ತೊಂಬತ್ತು. ಹತ್ತು ಸಲ ಪರೀಕ್ಷೆ ಮಾಡಿದ್ದೆ ಅಂದೆನಲ್ಲ, ಹತ್ತು ಸಲವೂ ನನ್ನನ್ನು ನಾನೇ ಪರೀಕ್ಷೆ ಮಾಡಿಕೊಂಡು ಪಾಸಾಗಿದ್ದೆ.

"ಎತ್ತಿ ಇಳಿಸ್ಲಾ?" ಅಂದೆ.

"ಎತ್ತೋದಾದ್ರೆ ಮಂಚ ಏನು ಪಾಪ ಮಾಡಿತ್ತು? ಅಲಗೆ ಮಡಚು, ನಾನು ಏಳ್ತೀನಿ."

ಮಡಿಸಿದೆ, ಎದ್ದರು. ಸುಧಾ ಊಟ ತರುವುದು ಒಂದು ಗಂಟೆಗೆ. ಇನ್ನು ಮುಕ್ಕಾಲು ಗಂಟೆ ಇತ್ತು. ಹಳೇ ಸ್ಪ್ರಿಂಗು ಪುಣ್ಯಕ್ಕೆ ಸ್ಕೂಟರ್ ಡಿಕ್ಕಿಯಲ್ಲೇ ಬಿದ್ದಿತ್ತು, ಅದನ್ನೇ ವಾಪಸ್ ಹಾಕಿದೆ. ಒಂಬತ್ತು ಬೋಲ್ಟ್ ಬಿಚ್ಚಿ, ಒಂದೊಂದು ಬುಷ್ಷಿನ ಒಳಗೂ ಸಣ್ಣ ದುಂಡು ಅರ ಆಡಿಸಿದೆ. ನಾನೇ ಕಡೆದ ಬುಷ್ಷನ್ನು ನಾನೇ, ಬೇಕೂಂತಲೇ, ಕುಲುಕಿದರೆ ಸದ್ದು ಬರುವ ಹಾಗೆ ಕೆಡಿಸಿದೆ. ಗೌರಮ್ಮ ಪ್ಲಾಸ್ಟಿಕ್ ಚೇರಿನಲ್ಲಿ ಕೂತು ಬಾಗಿಲು ನೋಡುತ್ತಿದ್ದರು. ಒಂಬತ್ತು ಮುಗಿಸಿ ಕೂರಿಸಿದೆ. ಹಲಗೆ ಅರ್ಧಕ್ಕೆ ಬಂದು ನಿಂತಿತು. "ಇನ್ನೂ ಬಿಗಿ," ಅಂದರು. ನನ್ನ ಜನ್ಮದಲ್ಲಿ ಅದನ್ನು ದೂರು ಅಂತ ಕೇಳಿದ್ದು ಅದೇ ಮೊದಲು. ಉಳಿದ ಮೂರನ್ನೂ ಬಿಚ್ಚಿದೆ. ಮತ್ತೆ ಕೂತರು. ಒಂದು ಸಲ ಒತ್ತಿದರು, ಆಗಲಿಲ್ಲ. ಇನ್ನೊಂದು ಸಲ, ಇಲ್ಲ. ಮೂರನೇ ಸಲ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒತ್ತಿದರು. ಹಲಗೆ ಲೊಟಲೊಟ ಸದ್ದು ಮಾಡುತ್ತಾ ಮಡಚಿಕೊಂಡಿತು. ಸದ್ದು ಕೇಳಿ ನನಗೆ ನಾಚಿಕೆಯಾಯಿತು. ಅವರು ಎದ್ದು ನೇರ ಒಲೆ ಹತ್ತಿರ ಹೋದರು.

ಸುಧಾ ಊಟದ ಕ್ಯಾರಿಯರ್ ಹಿಡಿದು ಒಳಗೆ ಬಂದರು. "ಏನಣ್ಣ ಮತ್ತೆ? ಸರಿಹೋಗಿರ್ಲಿಲ್ವಾ?"

ಕಿಟಕಿ ಮೇಲೆ ವರ್ನಿಯರ್ ಇತ್ತು. ಅದನ್ನು ತಗೊಂಡು ಹೋಗೋಕೆ ಬಂದೆ ಅಂದಿದ್ದರೆ ಸುಳ್ಳೇನೂ ಆಗುತ್ತಿರಲಿಲ್ಲ. ಆದರೆ ಆ ಮೊಣಕೈ ನೋಡಿದ್ದೆನಲ್ಲ. "ಇಲ್ಲ ಮೇಡಂ," ಅಂದೆ. "ಜಾಸ್ತಿ ಟೈಟ್ ಮಾಡ್ಬಿಟ್ಟಿದ್ದೆ, ಅಮ್ಮಂಗೆ ಏಳೋಕಾಗ್ತಿರ್ಲಿಲ್ಲ. ತಪ್ಪು ನಂದು. ಈಗ ಲೂಸ್ ಮಾಡಿದೀನಿ."

ಸುಧಾ ಅತ್ತೆಯ ಕಡೆ ತಿರುಗಿದರು. "ಹೌದಾ? ಮೂರು ದಿನದಿಂದ ಹೇಳ್ಲೇ ಇಲ್ವಲ್ಲ ನೀವು."

"ಯೋಳಿದ್ರೆ ಕೇಳೋಳಾ ನೀನು?" ಅಂದರು ಗೌರಮ್ಮ, ಹಾಲು ಉಕ್ಕದಂತೆ ನೋಡಿಕೊಳ್ಳುತ್ತಾ. "ಈಗ ಎದ್ದು ನಿಂತಿದೀನಲ್ಲ, ನೋಡು. ನಿಂಗೂ ಕಾಫಿ ಬೇಕಾ?"

ಸುಧಾ ಅವರ ಮೊಣಕೈ ಹಿಡಿದು ನೋಡಿದರು. ಆಮೇಲೆ ಕುರ್ಚಿ ನೋಡಿದರು. "ಅರ್ಧ ಲೋಟ," ಅಂದರು.

ಮಂಚ ಬರಲಿಲ್ಲ. ಗೌರಮ್ಮನವರು ಆಮೇಲೆ ಮೂರು ವರ್ಷ ಆ ಕುರ್ಚಿಯಿಂದ ತಾವೇ ಎದ್ದರು. ಒಂದು ಬೆಳಿಗ್ಗೆ ಏಳಲಿಲ್ಲ. ವಿಷಯ ತಿಳಿಸೋಕೆ ಸುಧಾ ಫೋನ್ ಮಾಡಿದಾಗ, ನಾನು ಕೇಳದಿದ್ದರೂ, "ಹಲಗೆ ಮಡಚೇ ಇತ್ತು ಅಣ್ಣ" ಅಂತ ಹೇಳಿದರು.

ಆವತ್ತಿನಿಂದ ನಾನು ಕುರ್ಚಿ ರಿಪೇರಿಗೆ ಬಂದವರನ್ನು ಮೊದಲು ಕೇಳುವುದು ಕೂರುವವರ ತೂಕ. ಕೆಲವರಿಗೆ ಸಿಟ್ಟು ಬರುತ್ತದೆ. ಕೆಲಸ ಮುಗಿದ ಮೇಲೆ ನಾನು ಅದರಲ್ಲಿ ಕೂರುವುದಿಲ್ಲ. ಮನೆಯಿಂದ ನನ್ನ ಹೆಂಡತಿಯ ತಾಯಿಯನ್ನು ಕರೆಸಿ ಕೂರಿಸುತ್ತೇನೆ. ಅಳಿಯ ಎಂಟನೇ ಕ್ಲಾಸು ಅಂತ ಮದುವೆ ಮಾತುಕತೆಯಲ್ಲಿ ಎದ್ದು ಹೋಗಿದ್ದವರು ಅವರು. ಈಗ ಅವರು ಹಿಮ್ಮಡಿಯಲ್ಲಿ ಒತ್ತಿ, ಹೂಂ ಅಂದರೆ ಮಾತ್ರ ಕುರ್ಚಿ ಅಂಗಡಿಯಿಂದ ಆಚೆ ಹೋಗುತ್ತದೆ. ಬೆಳಿಗ್ಗೆ ಬಂದ ಕುರ್ಚಿಯಲ್ಲಿ ಮಧ್ಯಾಹ್ನ ಕೂತು, ಎರಡು ಸಲ ಒತ್ತಿ, "ಅಳಿಯಂದ್ರೇ, ಇದೂ ಆಗ್ಲಿಲ್ಲ" ಅಂತ ಹೇಳಿ ಮನೆಗೆ ಹೋದರು. ಮತ್ತೆ ಬಿಚ್ಚಿದ್ದೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಹತ್ತಡಿ ಹನ್ನೆರಡಡಿ ಅಂಗಡಿ ಒಂದು, ಲೇತು ಒಂದು, ಡ್ರಿಲ್ ಮಿಷನ್ ಎರಡು, ರಾಯಚೂರು ಕಡೆಯ ಕೆಲಸಗಾರರು ಇಬ್ಬರು, ಬಿಚ್ಚಿಟ್ಟ ಕುರ್ಚಿ ಒಂದು, ಅತ್ತೆ ಒಬ್ಬರು, ನಲವತ್ತೊಂದು ಕೆಜಿ.