ಸುಳಿ ಹಾಕಿಸಿ ಕಳಿಸುವ ಹಸು

ಆನ್‌ಲೈನ್‌ನಲ್ಲಿ ಹಸುವಿನ ಫೋಟೊ ಹಾಕಿದ್ದವನು ಫೋನಿನಲ್ಲಿ ಒಂದೇ ಸಮನೆ ಅವಸರ ಮಾಡುತ್ತಿದ್ದ. ಮುಂಗಡ ಈಗಲೇ ಕಳಿಸಿದರೆ ಸಂಜೆಯೊಳಗೆ ಹಸು ಶಿವನಿ ಊರಿನ ನಮ್ಮ ಮನೆ ಬಾಗಿಲಿಗೆ ಬರುತ್ತದಂತೆ. ನಾನು ಇನ್ನೇನು ಹಣ ಕಳಿಸಬೇಕು, ಅತ್ತೆ ಫೋನು ಕಸಿದುಕೊಂಡರು. ಹಸುವಿನ ಮೈಮೇಲೆ ಹುಟ್ಟಿನಿಂದಲೇ ಇರುವ ಕೂದಲ ಸುಳಿ ಶುಭದ ಜಾಗದಲ್ಲಿದೆಯೇ ಎಂದು ನೋಡದೆ ನಮ್ಮಲ್ಲಿ ಯಾರೂ ವ್ಯಾಪಾರ ಕುದುರಿಸುವುದಿಲ್ಲ.

“ಸುಳಿ ಎಲ್ಲೈತಪ್ಪಾ?” ಎಂದು ಕೇಳಿದರು.

ಅವನು ತಡವರಿಸಲೇ ಇಲ್ಲ. “ನಿಮಗೆ ಎಲ್ಲಿ ಬೇಕು ಹೇಳಿ ಅಮ್ಮಾ, ಅಲ್ಲೇ ಹಾಕಿಸಿ ಕಳಿಸ್ತೀನಿ.”

ಫೋನು ಇಟ್ಟು ಅತ್ತೆ ನಕ್ಕಿದ್ದು ಎದುರುಮನೆಗೂ ಕೇಳಿಸಿರಬೇಕು.

ಆಮೇಲೆ ಅಜ್ಜಂಪುರದ ಹತ್ತಿರದ ಹಳ್ಳಿಗೆ ಹೋಗಿ, ಸುಳಿ ನೋಡಿ, ನಾನೇ ಹಾಲು ಕರೆದು ನೋಡಿ ಹಸು ತಂದೆವು. ಈಗ ಗುರುತಿಲ್ಲದವರು ಫೋನಿನಲ್ಲಿ ಅವಸರ ಮಾಡಿದರೆ, ಅವರು ಸಾಲ ಕೊಡುತ್ತೇವೆ ಎನ್ನುವವರಾದರೂ ಸರಿ, ನನ್ನ ಮೊದಲ ಪ್ರಶ್ನೆ ಅದೇ: “ಸುಳಿ ಎಲ್ಲೈತಪ್ಪಾ?”