ಹನ್ನೆರಡು ಹೆಜ್ಜೆ

ಅವರ ಕಾಲಿನ ಉಗುರುಗಳನ್ನು ಸುಣ್ಣ ತಿಂದುಹಾಕಿತ್ತು. ಹತ್ತರಲ್ಲಿ ನಾಲ್ಕು ಮಾತ್ರ ಉಗುರಿನ ಹಾಗಿದ್ದವು, ಮಿಕ್ಕವು ಹಳೇ ಗೋಡೆಯ ಚಕ್ಕೆಯಂತೆ ಎದ್ದಿದ್ದವು. ಬೂಟು ಹಾಕಿಕೊಳ್ಳಿ ಎಂದರೆ ಕೇಳುತ್ತಿರಲಿಲ್ಲ. ಬೂಟಿನಲ್ಲಿ ನೆಲದ ಅಳತೆ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು.

ಯೂನಿವರ್ಸಿಟಿಯ ಫುಟ್‌ಬಾಲ್ ಮೈದಾನ ನೋಡಿಕೊಳ್ಳುವುದು ಅವರ ಕೆಲಸ. ಅಲ್ಲಿ ಆಡುವ ಹುಡುಗರ ಜೆರ್ಸಿ ಒಗೆಯುವುದು ನನ್ನದು. ನಾನು ಕೊಡಿಗೇಹಳ್ಳಿಯಿಂದ ಬರುತ್ತಿದ್ದೆ, ಅವರು ಆರ್.ಟಿ. ನಗರದಿಂದ. ಹುಡುಗರಿಗೆ ಅವರು ಚಾಚಾ, ನನಗೆ ಭಾಯ್. ಮನೆಯಲ್ಲಿ ಉರ್ದು, ಮೈದಾನದಲ್ಲಿ ಕನ್ನಡ, ನಮ್ಮವರು ಗೋಲು ತಪ್ಪಿಸಿದರೆ ಬಾಯಿಗೆ ಬಂದ ಭಾಷೆ.

ತಂಡ ಶುರುವಾದಾಗಿನಿಂದ ಅಲ್ಲಿದ್ದವರು ಅವರೊಬ್ಬರೇ. ಮೊದಲು ಗೋಲಿಗೆ ಕಂಬವಿರಲಿಲ್ಲವಂತೆ, ನೀಲಗಿರಿಯ ಎರಡು ಗಳ ನೆಟ್ಟಿದ್ದರಂತೆ. ಕೋಚುಗಳು ಬಂದರು ಹೋದರು, ಹುಡುಗರು ಡಿಗ್ರಿ ಮುಗಿಸಿ ಹೋದರು. ಯಾವ ವರ್ಷ ಯಾರು ಯಾರನ್ನು ಸೋಲಿಸಿದರು ಎಂದು ತಿಳಿಯಬೇಕಾದರೆ ಇವರನ್ನೇ ಕೇಳಬೇಕು. ಸೋಲದೇವನಹಳ್ಳಿ ಕಡೆಯ ಒಂದು ಕಾಲೇಜಿನ ತಂಡವೆಂದರೆ ನಮ್ಮವರಿಗೆ ಆಗುತ್ತಿರಲಿಲ್ಲ. ಒಂದು ವರ್ಷ ಅವರ ಕಡೆಯವರು ಮೇಕೆಯೊಂದಕ್ಕೆ ನಮ್ಮ ಒಂಬತ್ತನೇ ನಂಬರಿನ ಜೆರ್ಸಿ ತೊಡಿಸಿ ಮೈದಾನಕ್ಕೆ ಬಿಟ್ಟಿದ್ದರು. ಹಿಡಿಯಲು ಅರ್ಧ ಗಂಟೆ ಬೇಕಾಯಿತು. ಆ ಜೆರ್ಸಿ ಒಗೆದವಳು ನಾನು. "ಒಂಬತ್ತನೇ ನಂಬರು ಅವತ್ತೊಂದಿನ ಸರಿಯಾಗಿ ಓಡ್ತು ಅಕ್ಕಾ," ಎಂದು ಭಾಯ್ ಪ್ರತಿ ವರ್ಷವೂ ಹೇಳುತ್ತಿದ್ದರು, ಆ ವರ್ಷದ ಒಂಬತ್ತನೆಯವನಿಗೆ ಕೇಳಿಸುವ ಹಾಗೆ.

ನನಗೆ ಅಂಕೆ ಬರುತ್ತಿರಲಿಲ್ಲ. ಒಗೆದ ಜೆರ್ಸಿಗಳನ್ನು ಒಂದೇ ಗುಡ್ಡೆ ಹಾಕಿಡುತ್ತಿದ್ದೆ, ಹುಡುಗರು ರೇಗುತ್ತಿದ್ದರು. ಒಂದು ದಿನ ಭಾಯ್ ಜೆರ್ಸಿಗಳನ್ನು ಒಂದರಿಂದ ಸಾಲಾಗಿ ಹಗ್ಗದ ಮೇಲೆ ಹರವಿ ಓದಿಸಿದರು. ತಪ್ಪಿದರೆ, "ಗೋಲ್‌ಕೀಪರ್‌ನ ತಗೊಂಡೋಗಿ ಮುಂದೆ ನಿಲ್ಲಿಸಿಬಿಟ್ರಲ್ಲಾ," ಎನ್ನುತ್ತಿದ್ದರು. ಜೆರ್ಸಿ ಮುಗಿದ ಮೇಲೆ ಬಸ್ಸಿನ ನಂಬರು. ಅಕ್ಷರ ಆಮೇಲೆ.

ಮೈದಾನಕ್ಕೆ ಗೆರೆ ಎಳೆಯುವಾಗ ಹಗ್ಗ ಹಿಡಿಯುತ್ತಿದ್ದರು. ಪೆನಾಲ್ಟಿ ಚುಕ್ಕೆಗೆ ಮಾತ್ರ ಹಗ್ಗವಿಲ್ಲ, ಟೇಪಿಲ್ಲ. ಆ ಚುಕ್ಕೆಯ ಮೇಲೆ ಚೆಂಡಿಟ್ಟು ಒಬ್ಬ ಒದೆಯುತ್ತಾನೆ, ತಡೆಯಲು ಗೋಲ್‌ಕೀಪರ್ ಒಬ್ಬನೇ. ಹತ್ತಿರವಾದಷ್ಟೂ ಅವನಿಗೆ ಕಷ್ಟ. ಭಾಯ್ ಗೋಲಿನ ಗೆರೆಗೆ ಹಿಮ್ಮಡಿ ತಾಗಿಸಿ ನಿಂತು, ಹನ್ನೆರಡು ಹೆಜ್ಜೆ ನಡೆದು ಸುಣ್ಣ ಸುರಿಯುತ್ತಿದ್ದರು. ಹೆಜ್ಜೆಗೆ ಮೂರಡಿ. ಹೊಸದಾಗಿ ಬಂದ ಪ್ರತಿ ಕೋಚೂ ಟೇಪ್ ಹಿಡಿದು ನೋಡುತ್ತಿದ್ದರು, ಅಳತೆ ಸರಿಯಾಗಿಯೇ ಇರುತ್ತಿತ್ತು. ಬೇರೆ ಯಾವುದಕ್ಕೂ ಜಂಬವಿಲ್ಲದ ಮನುಷ್ಯನಿಗೆ ಅದೊಂದು ಜಂಬ.

ಒಂದು ವರ್ಷ ಹೆಬ್ಬಾಳದಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ಮಂಡಿ ಹೋಯಿತು. ಎರಡು ತಿಂಗಳು ಮನೆಯಲ್ಲಿದ್ದು ಕುಂಟುತ್ತಾ ಬಂದರು. ಆ ಸಲದ ಫೈನಲ್ ನಮ್ಮ ಮೈದಾನದಲ್ಲಿ, ಅದೇ ಸೋಲದೇವನಹಳ್ಳಿಯವರ ಮೇಲೆ. ಇನ್ನೇನು ಮುಗಿಯಬೇಕು, ನಮಗೊಂದು ಪೆನಾಲ್ಟಿ ಸಿಕ್ಕಿತು. ಅವರ ಗೋಲ್‌ಕೀಪರ್ ಚುಕ್ಕೆ ನೋಡಿ, "ಚಾಚಾ, ಇದು ಹತ್ರ ಆಯ್ತು," ಎಂದ.

"ಮೊದ್ಲು ಚೆಂಡು ಹಿಡಿಯೋದು ಕಲ್ತ್ಕೋ ಮಗಾ, ಆಮೇಲೆ ಅಳತೆ ಮಾಡುವಂತೆ," ಎಂದು ಭಾಯ್ ಗೆರೆಯ ಆಚೆಯಿಂದ ನಕ್ಕರು. ಎಲ್ಲರೂ ನಕ್ಕರು. ಗೋಲಾಯಿತು, ಕಪ್ ನಮ್ಮದಾಯಿತು.

ಮಾರನೇ ಬೆಳಗ್ಗೆ ಭಾಯ್ ಟೇಪ್ ತಂದರು. ಆ ಹುಡುಗ ಹೇಳಿದ್ದು ಸುಳ್ಳೆಂದು ತೋರಿಸಬೇಕಂತೆ. ಹತ್ತಿರದ ಅಂಕೆ ಅವರಿಗೆ ಕಾಣುತ್ತಿರಲಿಲ್ಲ. ಅವರು ಗೋಲಿನ ಗೆರೆಯ ಮೇಲೆ ತುದಿ ಒತ್ತಿ ಹಿಡಿದರು, ಚುಕ್ಕೆಯ ಹತ್ತಿರ ನಾನು ಓದಿದೆ. ಮೂವತ್ತಾರು ಅಡಿ ಇರಬೇಕಿತ್ತು.

"ಮೂವತ್ನಾಲ್ಕು," ಎಂದೆ.

"ಇನ್ನೊಂದ್ಸಲ ನೋಡಿ."

"ಎಷ್ಟ್ ಸಲ ನೋಡಿದ್ರೂ ಅಷ್ಟೇ. ಟೇಪ್ ಸುತ್ತಿಡಿ ಭಾಯ್. ನಾನೇನೂ ನೋಡಿಲ್ಲ."

"ನೀವ್ ನೋಡಿಲ್ಲ ಅಂದ್ರೆ ಆಗೋಯ್ತಾ? ನಾನು ಆ ಹುಡುಗನ್ನ ನೋಡಿ ನಕ್ಕಿದೀನಲ್ಲಾ."

ಮಂಡಿ ಹೋದ ಮೇಲೆ ಹೆಜ್ಜೆ ಚಿಕ್ಕದಾಗಿತ್ತು. ಎಣಿಕೆ ಮಾತ್ರ ಹನ್ನೆರಡೇ. ಇದು ಅವರಿಗೂ ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ಅವರೇ ಎದುರು ತಂಡದ ಕೋಚ್‌ಗೆ ಫೋನ್ ಮಾಡಿ ಹೇಳಿಬಿಟ್ಟರು.

ನಾಲ್ಕನೇ ದಿನ ವಿಚಾರಣೆಗೆಂದು ಆಫೀಸಿನಲ್ಲಿ ಎರಡೂ ಕಡೆಯವರನ್ನು ಕೂರಿಸಿದರು. ಅಷ್ಟರಲ್ಲಿ ನಮ್ಮ ಕ್ರೀಡಾ ಮೇಷ್ಟ್ರು ಆ ಚುಕ್ಕೆಯನ್ನು ಕೆರೆಸಿಹಾಕಿದ್ದರು, ಮತ್ತೆ ಅಳೆಯುವಂತಿರಲಿಲ್ಲ. ಬಾಗಿಲ ಹೊರಗೆ ನನ್ನನ್ನು ಪಕ್ಕಕ್ಕೆ ಕರೆದು, "ನೋಡಮ್ಮ, ನಂಗೆ ಓದಕ್ಕೆ ಬರಲ್ಲ ಅಂತ ಒಂದ್ ಮಾತು ಹೇಳು. ಕಪ್ಪೂ ಉಳಿಯತ್ತೆ, ಚಾಚಾ ಕೆಲಸಾನೂ ಉಳಿಯತ್ತೆ," ಎಂದರು.

ನನಗೂ ಅದೇ ಸರಿ ಎನಿಸಿತು. ಓದಲು ಬರುವುದಿಲ್ಲ ಎಂದು ಆಯುಷ್ಯವಿಡೀ ಹೇಳಿಕೊಂಡು ಬಂದವಳು, ಇನ್ನೊಂದು ಸಲ ಹೇಳಿದರೆ ನನ್ನ ಗಂಟೇನು ಹೋಗುತ್ತಿತ್ತು?

ಒಳಗೆ ಮೇಷ್ಟ್ರು, "ಚಾಚಾಗೆ ಕಣ್ಣು ಕಾಣಲ್ಲ. ಟೇಪ್ ಓದಿದ್ದು ಈಯಮ್ಮ. ಈಯಮ್ಮಂಗೆ ಅಂಕೆ ಬರಲ್ಲ," ಎಂದರು. ಟೂರ್ನಮೆಂಟ್ ನಡೆಸುವವರು ನನ್ನ ಕಡೆ ತಿರುಗಿ, "ಬರತ್ತೇನಮ್ಮ?" ಎಂದು ಕೇಳಿದರು.

ನನಗೆ ಕಲಿಸಿದ್ದು ತಾವೇ ಎಂದು ಭಾಯ್ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ನನಗೇ ಬಿಟ್ಟರು.

"ಬರತ್ತೆ," ಎಂದೆ. ಗೋಡೆಯ ಕ್ಯಾಲೆಂಡರ್ ತೋರಿಸಿದರು. ಸಾಕು ಎನ್ನುವವರೆಗೆ ಓದಿದೆ.

ಗೋಲ್‌ಕೀಪರ್ ಹುಡುಗ, "ನಾನ್ ಅವತ್ತೇ ಹೇಳ್ಲಿಲ್ವಾ ಚಾಚಾ?" ಎಂದ.

"ಹೇಳ್ದೆ ಕಣಪ್ಪ. ನಾನು ನಗಬಾರ್ದಿತ್ತು."

ಪಂದ್ಯ ಮತ್ತೆ ನಡೆಯಿತು, ನಮ್ಮವರು ಸೋತರು. ಹುಡುಗರು ಭಾಯ್ ಜೊತೆ ಮಾತು ಬಿಟ್ಟರು. ಮುಂದಿನ ತಿಂಗಳಿಂದ ಬರಬೇಡಿ ಎಂದು ಆಫೀಸಿನಿಂದ ಹೇಳಿ ಕಳಿಸಿದರು. ಕೊನೆಯ ದಿನ ನಾನೇ ಕೇಳಿದೆ: "ನನ್ನ ಮೇಲೆ ಕೋಪಾನಾ?"

"ಬರಲ್ಲ ಅಂದಿದ್ರೆ ಕೋಪ ಬರ್ತಿತ್ತು ಅಕ್ಕಾ. ಹೆಜ್ಜೆ ಹೆಂಗೂ ತಪ್ಪಿತ್ತು. ನಿಮಗೆ ಕಲಿಸಿದ್ದೂ ಸುಳ್ಳು ಅಂತಾಗಿದ್ರೆ, ಇಷ್ಟು ವರ್ಷ ಇಲ್ಲಿ ನಾನೇನ್ ಮಾಡ್ದಂಗಾಯ್ತು?"

ಹೋದ ವರ್ಷ ತೀರಿಕೊಂಡರು. ಆರ್.ಟಿ. ನಗರದ ಮನೆಗೆ ಹೋಗಿದ್ದೆ. ತಂಡದವರು ಯಾರೂ ಬಂದಿರಲಿಲ್ಲ. ಆ ಹುಡುಗರೆಲ್ಲ ಎಲ್ಲೆಲ್ಲೋ ಸೇರಿಯಾಗಿತ್ತು, ಅವರಿಗೆ ಹೇಳುವವರಾದರೂ ಯಾರು? ಭಾಯ್ ಕೆಲಸ ಹೋಗಿದ್ದು ನನ್ನ ಬಾಯಿಂದ. ಅದನ್ನು ನಾನು ಬೇರೆಯವರ ಮೇಲೆ ಹಾಕುವುದಿಲ್ಲ. ಮತ್ತೆ ಅದೇ ಕೋಣೆಯಲ್ಲಿ ಕೂರಿಸಿ ಕೇಳಿದರೂ ಬರುತ್ತದೆ ಎಂದೇ ಹೇಳುತ್ತೇನೆ.