ಫ್ಲಾಪಿಗೆ ಹಚ್ಚಿದ ವಿಭೂತಿ

ಇಂದು ಬೆಳಿಗ್ಗೆ ತೆರೆದ ಪ್ರೋಗ್ರಾಂ ಮಗಳ ಲ್ಯಾಪ್‌ಟಾಪಿನಲ್ಲಿ ಮಧ್ಯಾಹ್ನ ತೆರೆಯಲಿಲ್ಲ. ಅಷ್ಟಕ್ಕೇ ನಾನು ಬೆರಳುಗಳನ್ನು ಸೀರೆಗೆ ಒರೆಸಿಕೊಂಡೆ.

ನಾನು ಚಿಕ್ಕವಳಿದ್ದಾಗ ಬಾಗಲಕೋಟೆಯಲ್ಲಿ ಅಪ್ಪನ ಆಫೀಸಿಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ನಡೆಸುವವರು ಅಪ್ಪ ಒಬ್ಬರೇ. ಆ ಕೋಣೆಗೆ ಸಾಹೇಬರೂ ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಿದ್ದರು. ಮಹಾನವಮಿಯಂದು ಅಯ್ಯನವರು ಕಂಪ್ಯೂಟರಿನ ಪೆಟ್ಟಿಗೆಗೆ ವಿಭೂತಿ ಹಚ್ಚಿ ಪೂಜೆ ಮಾಡಿದರು. ಪ್ರೋಗ್ರಾಂ ಇರುವುದು ಅದರೊಳಗೆ ತೂರಿಸುವ ತೆಳು ಚೌಕದ ಕಪ್ಪು ಫ್ಲಾಪಿಯಲ್ಲಿ ಎಂದು ಅಪ್ಪ ಹೇಳಿದ್ದರಲ್ಲ, ನಾನು ಯಾರಿಗೂ ಕಾಣದಂತೆ ಅದಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆದೆ. ಸೀಳಿನಲ್ಲಿ ಕಾಣುವ ಕಂದು ತಟ್ಟೆಯನ್ನೂ ಬಿಡಲಿಲ್ಲ.

ಮರುದಿನದಿಂದ ಪ್ರೋಗ್ರಾಂ ಒಮ್ಮೆ ತೆರೆದರೆ ಇನ್ನೊಮ್ಮೆ ಇಲ್ಲ. “ಮಷೀನ್ ಕೆಟ್ರ ನೀವು ಮನೀಗೆ ಹೋಗ್ರಿ,” ಎಂದರಂತೆ ಸಾಹೇಬರು ಅಪ್ಪನಿಗೆ. ಅಪ್ಪ ರೊಟ್ಟಿ ಮುರಿದು ಹಾಗೇ ಕೂರುತ್ತಿದ್ದರು. ನಾನು ದೇವರ ಜಗಲಿಯ ವಿಭೂತಿಯತ್ತ ನೋಡದೆ ಕೈಮುಗಿದು ಓಡುತ್ತಿದ್ದೆ.

ಶನಿವಾರ ಬುತ್ತಿ ಕೊಡಲು ಹೋದಾಗ, ಹುಬ್ಬಳ್ಳಿಯಿಂದ ಬಂದ ರಿಪೇರಿಯವರು ಫ್ಲಾಪಿಯನ್ನು ಬೆಳಕಿಗೆ ಹಿಡಿದಿದ್ದರು.

“ಇದಕ್ಕ ವಿಭೂತಿ ಹಚ್ಚಿದವ್ರು ಯಾರ್ರಿ? ಪುಡಿ ಒಳಗ ಕುಂತು ಮಷೀನ್ ಓದವಲ್ದು.”

ನಾನು ಬುತ್ತಿಯ ಗಂಟನ್ನು ಎದೆಗವಚಿಕೊಂಡೆ. ಅಪ್ಪ ಆ ಸಣ್ಣ ಬೆರಳಿನ ಗೆರೆಗಳನ್ನು ನೋಡಿದರು, ಆಮೇಲೆ ನನ್ನನ್ನು.

“ನಾನ ಹಚ್ಚೇನ್ರಿ. ತಪ್ಪಾತು,” ಎಂದರು ಅಪ್ಪ.

ಸಾಹೇಬರು ಎಲ್ಲರೆದುರು ಬೈದರು. ನೌಕರಿಯೇನೋ ಉಳಿಯಿತು. ಅಪ್ಪ ಕೊನೆಯವರೆಗೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

“ಅವ್ವಾ, ಲ್ಯಾಪ್‌ಟಾಪಿಗೆ ಏನ್ ಮಾಡಿದಿ?” ಎಂದು ಮಗಳು ಈಗ ಕೇಳಿದಳು.

“ನಾ ಏನೂ ಮಾಡಿಲ್ಲ,” ಎಂದೆ. ಈ ಸಲ ಅದು ನಿಜವೇ, ಆದರೂ ಮೂರು ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ.